ಒಳಗಿನ ವಿಷಯಗಳ ಮಂತ್ರಿ

ನಮ್ಮ ಗಂಡಸರಿಗೆ ಒಂದು ಹಳೆಯ ಚಟವಿದೆ. ಯಾರಾದರೂ ಊಟಕ್ಕೆ ಕರೆದರೆ ಸಾಕು, 'ಹೋಂ ಮಿನಿಸ್ಟರನ್ನ ಒಂದು ಮಾತು ಕೇಳಿ ಹೇಳ್ತೀನಿ' ಎನ್ನುತ್ತೇವೆ. ಹೆಂಡತಿಗೆ ಹೆದರುವವರ ಹಾಗೆ ನಟಿಸುವುದರಲ್ಲಿ ನಮಗೊಂದು ಖುಷಿ. ಮನೆಯೊಳಗೆ ಆಕೆಯ ಮಾತು ಎಷ್ಟು ನಡೆಯುತ್ತದೆ ಎನ್ನುವುದು ಬೇರೆ ಸಂಗತಿ. ನಾನೂ ಈ ಚಟವನ್ನು ಬಾಗಲಕೋಟೆಯಿಂದ ಮಸ್ಕತ್‌ವರೆಗೆ ಹೊತ್ತುಕೊಂಡು ಹೋಗಿದ್ದೆ.

ಅಲ್ಲಿನ ಖುರುಮ್ ಬಡಾವಣೆಯಲ್ಲಿ ಒಂದು ಕಟ್ಟಡ ಗುತ್ತಿಗೆ ಕಂಪನಿಯ ಕಚೇರಿ. ಅದರಲ್ಲಿ ನಾನು ಟೈಪಿಸ್ಟ್ ಕಮ್ ಗುಮಾಸ್ತ. ನನ್ನ ಎದುರಿನ ಮೇಜಿನಲ್ಲಿ ಐವತ್ತು ದಾಟಿದ ಒಬ್ಬ ಒಮಾನಿ ಕೂರುತ್ತಿದ್ದರು. ವಂಶದಿಂದ ಒಮಾನಿ ಅಷ್ಟೆ; ಹುಟ್ಟಿ ಬೆಳೆದದ್ದೆಲ್ಲ ಪೂರ್ವ ಆಫ್ರಿಕಾದ ಕರಾವಳಿಯಲ್ಲಿ. ನಲವತ್ತು ದಾಟಿದ ಮೇಲೆ ಅಜ್ಜಂದಿರ ದೇಶಕ್ಕೆ ಬಂದವರು. ಅವರ ಅರಬ್ಬಿ ಎಡವುತ್ತಿತ್ತು, ಕಚೇರಿಯ ಹುಡುಗರು ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದರು. ಹಿಂದಿಯನ್ನು ಮಾತ್ರ ಅವರು ತಮ್ಮೂರಿನ ಗುಜರಾತಿ ಅಂಗಡಿಗಳಲ್ಲಿ ನಿಂತು ಕಲಿತಿದ್ದರು. ಆ ಹಿಂದಿಗೆ ಇಷ್ಟು ಇಂಗ್ಲಿಷ್ ಕಲಸಿ ನಾವಿಬ್ಬರೂ ಮಾತಾಡುತ್ತಿದ್ದೆವು. ಎಲ್ಲರೂ ಅವರು ಬೆಳೆದ ಕರಾವಳಿಯ ಭಾಷೆಯಲ್ಲೇ 'ಹಿರಿಯರೇ' ಎಂದು ಕರೆಯುತ್ತಿದ್ದರು. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಸೇರಿದ ಮೊದಲ ವಾರವೇ ಹಿರಿಯರು ಶುಕ್ರವಾರದ ಊಟಕ್ಕೆ ಮನೆಗೆ ಕರೆದರು. ನಾನು ಬಾಯಿಪಾಠ ಒಪ್ಪಿಸಿದೆ: ಹೋಂ ಮಿನಿಸ್ಟರ್ ಒಪ್ಪಿಗೆ ಬೇಕು. ಟೈಪ್‌ರೈಟರಿನ ಮೇಲೆ ಅವರ ಬೆರಳು ನಿಂತವು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ನಿನಗೆ ಅವರ ಪರಿಚಯವಿದೆಯೇ? ಯಾವ ದೇಶದವರು?" ಎಂದು ಕೇಳಿದರು. ಪಕ್ಕದಲ್ಲಿದ್ದ ಮಂಗಳೂರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿ ಎಂದು ವಿವರಿಸಿದ ಮೇಲೆ ಹಿರಿಯರೂ ನಕ್ಕರು. ಆದರೆ ಎಲ್ಲರಿಗಿಂತ ತಡವಾಗಿ ನಕ್ಕರು, ಮತ್ತು ಬೆವರು ಒರೆಸಿಕೊಂಡರು. ಏಸಿಯ ತಂಪಿನಲ್ಲಿ ಬೆವರು ಏಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ತಾನು ಯೌವನದಲ್ಲಿ ನಿಜವಾದ ಹೋಂ ಮಿನಿಸ್ಟರ್ ಒಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ ಎಂದು ಅವರು ಆಮೇಲೆ ಹೇಳಿದರು. ಅವರ ಭಾಷೆಯಲ್ಲಿ ಆ ಖಾತೆಗೆ ಇರುವ ಹೆಸರನ್ನು ಮಾತಿಗೆ ಮಾತು ತಿರುಗಿಸಿದರೆ 'ಒಳಗಿನ ವಿಷಯಗಳು' ಎಂದಾಗುತ್ತದಂತೆ. ನಮ್ಮಲ್ಲೂ ಒಳಾಡಳಿತ ಎನ್ನುತ್ತಾರೆ ಎಂದೆ. ಅವರು ಆ ಕನ್ನಡ ಪದವನ್ನು ಎರಡು ಸಲ ಹೇಳಿಸಿಕೊಂಡರು. ಅಂದಿನಿಂದ ಪ್ರತಿ ಬೆಳಿಗ್ಗೆ ಅವರ ಮೊದಲ ಪ್ರಶ್ನೆ ಒಂದೇ: "ಒಳಗಿನ ವಿಷಯಗಳ ಮಂತ್ರಿ ಕ್ಷೇಮವೇ? ಇವತ್ತಿನ ಆಜ್ಞೆ ಏನು?" ನಾನು ಬದನೆಕಾಯಿ ತರಬೇಕಂತೆ, ಮಗನ ಚಪ್ಪಲಿ ಬದಲಿಸಬೇಕಂತೆ ಎಂದು ವರದಿ ಒಪ್ಪಿಸುತ್ತಿದ್ದೆ. ಮನೆಗೆ ಹೋಗಿ ನಮ್ಮಾಕೆಗೆ ಹೇಳಿದರೆ ಆಕೆಗೂ ಒಳಗೊಳಗೇ ಖುಷಿ. ಹಿರಿಯರಿಗೆಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಳಿಸುತ್ತಿದ್ದಳು.

ಟೈಪಿಂಗಿನಲ್ಲಿ ಅವರು ನನಗೆ ಗುರು. ಒಮ್ಮೆ ಹೊರತೆಗೆದ ಕಾಗದವನ್ನು ಮತ್ತೆ ಯಂತ್ರಕ್ಕೆ ಹಾಕಿ, ಮೊದಲಿನ ಸಾಲುಗಳಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಹೊಸ ಸಾಲು ಕೂರಿಸುವುದು ಸುಲಭವಲ್ಲ. ತೆಳ್ಳನೆಯ ಪಾರದರ್ಶಕ ಹಾಳೆಯ ಚೂರನ್ನು ಮೇಲಿಟ್ಟು, ಅದರ ಮೇಲೆ ಒಂದು ಅಕ್ಷರ ಮೆಲ್ಲಗೆ ಒತ್ತಿ, ಅಕ್ಷರದ ಪಾದ ಎಲ್ಲಿ ಬಿತ್ತೆಂದು ನೋಡಿ, ಉರುಳೆಯನ್ನು ಅಷ್ಟೇ ಅಷ್ಟು ತಿರುಗಿಸಬೇಕು. ಆಮೇಲೆ ಚೂರನ್ನು ಎಳೆದು ನಿಜವಾದ ಅಕ್ಷರ ಹೊಡೆಯಬೇಕು. ಇದನ್ನು ಕಲಿಯಲು ನನಗೆ ಆರು ತಿಂಗಳು ಹಿಡಿಯಿತು. ಕಲಿತಾದ ಮೇಲೆ ನನ್ನ ಜಂಭ ನೋಡಬೇಕಿತ್ತು.

ಅವರದೊಂದು ಪದ್ಧತಿಯನ್ನು ಮಾತ್ರ ನಾನು ಕಲಿಯಲಿಲ್ಲ. ಜನರ ಹೆಸರಿನ ಪಟ್ಟಿ ಯಾವುದೇ ಇರಲಿ, ರಜೆಯದೋ ಬಸ್ಸಿನದೋ, ಕೊನೆಯ ಹೆಸರು ಮುಗಿದ ಕೂಡಲೇ ಅವರು ಕೆಂಪು ಪೆನ್ಸಿಲು ತೆಗೆದು ಆ ಹೆಸರಿನ ಬುಡದಿಂದ ಸಹಿಯ ಜಾಗದವರೆಗೆ ಓರೆಯಾಗಿ ಒಂದು ಗೆರೆ ಎಳೆದುಬಿಡುತ್ತಿದ್ದರು. ಖಾಲಿ ಜಾಗ ಒಂದು ಬೆರಳಗಲ ಇದ್ದರೂ ಬಿಡುತ್ತಿರಲಿಲ್ಲ. ಕಾಗದ ಕೊಳಕಾಗಿ ಕಾಣುತ್ತದೆ ಎಂದು ಮ್ಯಾನೇಜರ್ ಗೊಣಗುತ್ತಿದ್ದರು. ಇದೇನು ಕೋರ್ಟಿನ ದಸ್ತಾವೇಜೇ ಎಂದು ನಾನೂ ಚುಡಾಯಿಸುತ್ತಿದ್ದೆ. ಹಿರಿಯರು ಪೆನ್ಸಿಲಿನ ಮೊನೆ ನೋಡಿಕೊಳ್ಳುತ್ತಿದ್ದರು.

ಎಂಬತ್ತರ ದಶಕದ ನಡುವೆ ಎಣ್ಣೆಯ ಬೆಲೆ ಕುಸಿಯಿತು. ಅರ್ಧ ಎದ್ದ ಕಟ್ಟಡಗಳು ಕಬ್ಬಿಣದ ಸರಳು ಚಾಚಿಕೊಂಡು ಹಾಗೇ ನಿಂತವು. ಸಂಜೆ ಯಾರ ಮನೆಗೆ ಹೋದರೂ ಮೂಲೆಯಲ್ಲಿ ಕಟ್ಟಿಟ್ಟ ಪೆಟ್ಟಿಗೆ ಇರುತ್ತಿತ್ತು. ಇನ್ನು ನಾಲ್ಕು ತಿಂಗಳು ಇರುತ್ತೀರೋ ಇಲ್ಲವೋ ಎಂದು ಕೇಳುವುದು ಆ ವರ್ಷ ಕ್ಷೇಮ ಸಮಾಚಾರವೇ ಆಗಿತ್ತು.

ಇಲ್ಲಿ ನನ್ನ ಗೆಳೆಯನ ವಿಷಯ ಹೇಳಬೇಕು. ಅವನು ನಮ್ಮ ಕಂಪನಿಯ ಸ್ಟೋರ್ ಕೀಪರ್, ಬಿಜಾಪುರದವನು. ಆಗ ನಮ್ಮಿಬ್ಬರ ಊರೂ ಒಂದೇ ಜಿಲ್ಲೆಯಲ್ಲಿದ್ದವು. ಒಂದು ಶುಕ್ರವಾರ ಅವರ ಮನೆಯಲ್ಲಿ ರೊಟ್ಟಿಯಾದರೆ ಮುಂದಿನ ಶುಕ್ರವಾರ ನಮ್ಮಲ್ಲಿ. ಅವನ ಹೆಂಡತಿ, ನಮ್ಮಾಕೆ ಇಬ್ಬರೂ ಒಂದೇ ತಾಯಿಯ ಮಕ್ಕಳ ಹಾಗೆ ಜಗಳವಾಡುತ್ತಿದ್ದರು, ಒಂದಾಗುತ್ತಿದ್ದರು. ಅವನಿಗೆ ಒಬ್ಬಳೇ ಮಗಳು, ಇಂಡಿಯನ್ ಸ್ಕೂಲಿನಲ್ಲಿ ಹತ್ತನೇ ತರಗತಿ. ಅವರ ಮನೆಯ ಕೆಳಗೆ ಏಸಿ ರಿಪೇರಿಯ ಸದ್ದು, ಹಾಗಾಗಿ ಓದಲು ನಮ್ಮ ಊಟದ ಮೇಜಿಗೆ ಬಂದು ಕೂರುತ್ತಿದ್ದಳು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ. ಡಾಕ್ಟರಾಗುವುದೆಂದು ತೀರ್ಮಾನಿಸಿಯಾಗಿತ್ತು.

ಆ ಜುಲೈಯಲ್ಲಿ ಹಿರಿಯರು ಕಣ್ಣಿನ ಪೊರೆಯ ಆಪರೇಷನ್‌ಗೆಂದು ಹತ್ತು ದಿನ ರಜೆ ಹಾಕಿದ್ದರು. ಆಗಲೇ ಊರಿಗೆ ಕಳಿಸುವವರ ಪಟ್ಟಿ ತಯಾರಾಯಿತು. ಹನ್ನೊಂದು ಹೆಸರು ಟೈಪ್ ಮಾಡಿ ನಾನೇ ನಮ್ಮ ಕಫೀಲ್ ಮುಂದೆ ಇಟ್ಟೆ. ಕಂಪನಿ ಯಾರ ಹೆಸರಿನಲ್ಲಿ ನಡೆಯುತ್ತದೋ, ನಮ್ಮೆಲ್ಲರ ವೀಸಾ ಯಾರ ಕೈಯಲ್ಲಿದೆಯೋ ಆ ಒಮಾನಿ ಯಜಮಾನರು ಅವರು. ವಾರಕ್ಕೊಮ್ಮೆ ಬಂದು ಕಾಫಿ ಕುಡಿದು ಹೋಗುವ ಮೆತ್ತನೆಯ ಮನುಷ್ಯ. ಅವರು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು, ಇವನಿಗೆ ಮಕ್ಕಳೆಷ್ಟು, ಯಾವ ಕ್ಲಾಸು ಎಂದು ಕೇಳಿದರು. ಎರಡು ಹೆಸರು ತೆಗೆಸಿದರು. ದೊಡ್ಡ ಪರೀಕ್ಷೆಗೆ ಕೂರುವ ಮಕ್ಕಳಿರುವವರನ್ನು ಮಾರ್ಚ್ ಮುಗಿಯುವವರೆಗೆ ಮುಟ್ಟಬೇಡಿ ಎಂದು ಮ್ಯಾನೇಜರಿಗೆ ನನ್ನ ಎದುರಲ್ಲೇ ಹೇಳಿದರು. ನಾನು ಒಂಬತ್ತು ಹೆಸರಿನ ಹೊಸ ಪಟ್ಟಿ ಮಾಡಿಕೊಟ್ಟೆ, ಕಾರ್ಬನ್ ಹಾಕಿ ಕಚೇರಿಗೊಂದು ಪ್ರತಿ ಇಟ್ಟುಕೊಂಡೆ. ಕೆಂಪು ಗೆರೆ ಎಳೆಯಲಿಲ್ಲ. ಸಹಿ ಮಾಡಿ ಅವರು ಮಾರನೆಯ ದಿನ ತುಂತುರು ಮಳೆ ನೋಡಲು ಮನೆಮಂದಿಯೊಂದಿಗೆ ಸಲಾಲಾಕ್ಕೆ ಹೋದರು.

ಎರಡು ದಿನ ಬಿಟ್ಟು ಮ್ಯಾನೇಜರ್ ಆ ಕಾಗದವನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಬುರೈಮಿಯ ಸ್ಟೋರ್ ಮುಚ್ಚುತ್ತಿದೆ, ಅಲ್ಲಿಯವನು ಇಲ್ಲಿಗೆ ಬರುತ್ತಾನೆ, ಇಲ್ಲಿಯವನು ಹೋಗಬೇಕು ಎಂದರು. ಒಂದು ಹೆಸರಿಗಾಗಿ ಸಲಾಲಾಕ್ಕೆ ಓಡುವುದು ಬೇಡ, ಸಹಿಯ ಮೇಲೆ ಜಾಗವಿದೆ, ಸೇರಿಸು ಎಂದರು. ಹೇಳಿದ ಹೆಸರು ನನ್ನ ಗೆಳೆಯನದು. ನಾನು ಬಾಯಿ ತೆರೆದೆ. ಅವನ ಮಗಳು ಹತ್ತನೇ ಕ್ಲಾಸು ಸರ್ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಸರ್, ಕಾರ್ಬನ್ ಹಾಕಲೇ?"

"ಬೇಡ. ಯಲ್ಲಾ, ಬೇಗ."

ನಾನು ಪಾರದರ್ಶಕ ಹಾಳೆಯ ಚೂರು ತೆಗೆದೆ. ಒಂದು ಅಕ್ಷರ ಒತ್ತಿ ಪಾದ ನೋಡಿದೆ, ಉರುಳೆ ತಿರುಗಿಸಿದೆ, ಮತ್ತೆ ನೋಡಿದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುವುದು ಆ ಹೆಸರು ಹೊಡೆದದ್ದಕ್ಕಿಂತ ಆ ಕಾಳಜಿಗೆ. ವಕ್ರವಾಗಿ ಹೊಡೆದಿದ್ದರೆ ಯಾರಾದರೂ ಗುರುತಿಸುತ್ತಿದ್ದರೋ ಏನೋ. ಕೆಲಸ ಚೆನ್ನಾಗಿ ಮಾಡಬೇಕೆಂಬ ಚಟ ನನ್ನ ಕೈಗೆ ಅಂಟಿತ್ತು, ಕೈ ತನ್ನ ಪಾಡಿಗೆ ಮಾಡಿತು. ಮ್ಯಾನೇಜರ್ ಕಾಗದವನ್ನು ಬೆಳಕಿಗೆ ಹಿಡಿದು, ಗೊತ್ತೇ ಆಗುವುದಿಲ್ಲ, ಖಲಾಸ್ ಎಂದರು. ಆ ಹೊಗಳಿಕೆಗೆ ನಾನು ಥ್ಯಾಂಕ್ಯೂ ಸರ್ ಎಂದೆ.

ಹಿರಿಯರು ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಮರಳಿದರು. ನೋಟಿಸುಗಳು ಅಷ್ಟರಲ್ಲಿ ಹಂಚಿಹೋಗಿದ್ದವು, ಒಬ್ಬೊಬ್ಬರಿಗೂ ಮೂವತ್ತು ದಿನ. ಫೈಲು ಕಟ್ಟುವುದು ಅವರ ಕೆಲಸ. ಕಚೇರಿಯ ಕಾರ್ಬನ್ ಪ್ರತಿಯಲ್ಲಿ ಒಂಬತ್ತು ಹೆಸರು, ನೋಟಿಸುಗಳ ನಕಲು ಹತ್ತು. ಪೊರೆ ತೆಗೆಸಿದ ಹೊಸ ಕಣ್ಣು ಮೊದಲು ಕಂಡದ್ದು ಅದನ್ನೇ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲರೂ ಮನೆಗೆ ಹೋಗುತ್ತಿದ್ದರು, ನಾಲ್ಕಕ್ಕೆ ಮತ್ತೆ ಕಚೇರಿ. ಅವತ್ತು ಹಿರಿಯರು ಎದ್ದು ಹೋಗಲಿಲ್ಲ. ನನ್ನನ್ನೂ ಕೂರಿಸಿಕೊಂಡರು.

ಅವರು ನನ್ನನ್ನು ಏನೂ ಕೇಳಲಿಲ್ಲ. ತಮ್ಮ ಮಂತ್ರಿಯ ಕಚೇರಿಯ ವಿಷಯ ಹೇಳತೊಡಗಿದರು.

ಸ್ವಾತಂತ್ರ್ಯ ಬಂದ ಹೊಸತಂತೆ. ಬಿಳಿಯರು ಬಿಟ್ಟುಹೋದ ಎರಡಂತಸ್ತಿನ ಕಟ್ಟಡ, ಸುತ್ತ ಮಾವಿನ ಮರ. ಪೊಲೀಸು, ಜೈಲು, ಪಾಸ್‌ಪೋರ್ಟು, ದೇಶದೊಳಗೆ ಯಾರಿರಬೇಕು ಯಾರು ಹೋಗಬೇಕು ಎಂಬುದೆಲ್ಲ ಆ ಒಂದು ಕೋಣೆಯಿಂದ ನಡೆಯುತ್ತಿತ್ತು. ಕೋಣೆಗೆ ಎರಡು ಬಾಗಿಲು. ಒಳಬಾಗಿಲಿಗೆ ಮೆತ್ತೆ ಹೊದಿಸಿದ್ದರು, ಒಳಗಿನ ಮಾತು ಹೊರಗೆ ಬಾರದಿರಲೆಂದು. ಎರಡು ಬಾಗಿಲಿನ ನಡುವಿನ ಕಿರುಜಾಗದಲ್ಲಿ ಹಿರಿಯರ ಮೇಜು, ಟೈಪ್‌ರೈಟರ್. ಹೊರಗೆ ಜಗಲಿಯಲ್ಲಿ ಒಂದು ಉದ್ದ ಬೆಂಚು. ಅರ್ಜಿ ಹಿಡಿದವರು ಅಲ್ಲಿ ಕೂರುತ್ತಿದ್ದರು.

ಮಂತ್ರಿ ಕೆಟ್ಟವರಾಗಿರಲಿಲ್ಲ ಎಂದು ಹಿರಿಯರು ಎರಡು ಸಲ ಹೇಳಿದರು. ಹಿಂದೆ ಶಾಲಾ ಮಾಸ್ತರರಾಗಿದ್ದವರು, ಕಾಗುಣಿತ ತಪ್ಪಿದರೆ ಮಾತ್ರ ಸಿಟ್ಟು. ಹಿರಿಯರ ತಾಯಿಗೆ ಕೀಲುನೋವೆಂದು ತಿಳಿದು ಎಣ್ಣೆ ತರಿಸಿಕೊಟ್ಟಿದ್ದರು. ಬೆಳಿಗ್ಗೆ ಬಿಸಿ ಚಹಾದ ಲೋಟ ಹಿಡಿದು ತಾವೇ ಹೊರಗೆ ಬಂದು ಟೈಪಿಸ್ಟನ ಯೋಗಕ್ಷೇಮ ವಿಚಾರಿಸುತ್ತಿದ್ದರು. ಅಂಥ ದೊಡ್ಡ ಮನುಷ್ಯ ತನ್ನ ಹೆಸರು ಹಿಡಿದು ಕರೆಯುತ್ತಾನಲ್ಲ ಎಂದು ಇಪ್ಪತ್ತೆಂಟರ ಹುಡುಗನಿಗೆ ನೆಲ ಕಾಣುತ್ತಿರಲಿಲ್ಲ.

ಒಂದು ದಿನ ದೇಶ ಬಿಡಬೇಕಾದವರ ಪಟ್ಟಿಯೊಂದು ಮೇಲಿನಿಂದ ಸಹಿಯಾಗಿ ಬಂತು. ಹನ್ನೊಂದು ಹೆಸರು, ಹಿರಿಯರೇ ಟೈಪ್ ಮಾಡಿದ್ದು. ನೋಡಲು ಚೆಂದವಿರಲೆಂದು ಕೊನೆಯ ಹೆಸರಿಗೂ ಸಹಿಗೂ ನಡುವೆ ಎರಡು ಬೆರಳು ಜಾಗ ಬಿಟ್ಟಿದ್ದರು. ಮಂತ್ರಿ ಚಹಾದ ಲೋಟದೊಂದಿಗೆ ಹೊರಗೆ ಬಂದು, ಇಲ್ಲಿ ಜಾಗವಿದೆಯಲ್ಲ, ಇನ್ನೊಂದು ಸೇರಿಸಪ್ಪ ಎಂದರು. ಅವರು ಹೇಳಿದ ಹೆಸರು ಬಂದರಿನ ಬಳಿ ಸಂಜೆ ಟೈಪಿಂಗ್ ಶಾಲೆ ನಡೆಸುತ್ತಿದ್ದ ಮಾಸ್ತರರದು. ಬಂದರಿನ ಕೂಲಿಗಳಿಗೆ ಅರ್ಜಿ ಬರೆದುಕೊಡುತ್ತಿದ್ದರು, ಅದೇ ತಪ್ಪು. ಹಿರಿಯರಿಗೆ ಟೈಪಿಂಗ್ ಕಲಿಸಿದವರೂ ಅವರೇ.

"ಹಾಳೆಯ ಚೂರಿಟ್ಟು ಸಾಲು ಹೊಂದಿಸುವುದನ್ನು ನನಗೆ ಹೇಳಿಕೊಟ್ಟವರು ಅವರು" ಎಂದರು ಹಿರಿಯರು. "ಅದೇ ರೀತಿಯಲ್ಲಿ ಅವರ ಹೆಸರು ಕೂರಿಸಿದೆ. ಸಾಲು ತಪ್ಪಲಿಲ್ಲ."

ಮಾಸ್ತರರನ್ನು ಹಡಗು ಹತ್ತಿಸಲು ಕರೆದೊಯ್ದರಂತೆ. ಆ ಹಡಗಿನಲ್ಲಿ ಹೋದವರು ಯಾರೂ ಅವರನ್ನು ಕಾಣಲಿಲ್ಲ. ಅವರ ಹೆಂಡತಿ ಬಂದು ಜಗಲಿಯ ಬೆಂಚಿನ ಮೇಲೆ ನಾಲ್ಕು ದಿನ ಕೂತರು. ಆಕೆಯ ಪ್ರಶ್ನೆ ಒಂದೇ ಆಗಿತ್ತು, ಸಹಿಯಾಗುವಾಗ ನನ್ನ ಗಂಡನ ಹೆಸರು ಆ ಕಾಗದದಲ್ಲಿತ್ತೇ? ಇರಲಿಲ್ಲ ಎಂಬುದಕ್ಕೆ ಸಾಕ್ಷಿ, ಹನ್ನೊಂದೇ ಹೆಸರಿನ ಕಾರ್ಬನ್ ಪ್ರತಿ, ಹಿರಿಯರ ಮೇಜಿನ ಖಾನೆಯಲ್ಲಿತ್ತು. ನಾನು ಬರೀ ಟೈಪಿಸ್ಟ್ ಅಮ್ಮ ಎಂದು ಅವರು ಹೇಳಿದರು.

"ಆಕೆಗೆ ನೀರು ತಂದುಕೊಟ್ಟೆ" ಎಂದರು. "ನಾಲ್ಕು ದಿನವೂ ಕೊಟ್ಟೆ. ನಾನು ಮಾಡಿದ್ದು ಅಷ್ಟೇ."

ಐದನೆಯ ದಿನ ಆಕೆ ಬರಲಿಲ್ಲ. ಕಾರ್ಬನ್ ಪ್ರತಿಯನ್ನು ಹಿರಿಯರು ಒಲೆಗೆ ಹಾಕಿದರು. ಮುಂದೆ ಸರಕಾರ ಬದಲಾಗಿ ಇನ್ನೊಂದು ಪಟ್ಟಿ ಬಂತು, ಅದರಲ್ಲಿ ಅವರದೇ ಹೆಸರಿತ್ತು. ಅದನ್ನು ಹೊಡೆದವನಿಗೆ ಸಾಲು ಹೊಂದಿಸಲು ಬರುತ್ತಿರಲಿಲ್ಲ, ವಕ್ರವಾಗಿತ್ತು ಎಂದು ಹೇಳಿ ಅವರು ನಕ್ಕರು. ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಪರೇಷನ್ ಆದ ಕಣ್ಣು ಮುಟ್ಟಬೇಡಿ ಎಂದೆ.

ಅವರು ಫೈಲಿನಿಂದ ಒಂಬತ್ತು ಹೆಸರಿನ ಪ್ರತಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಕಫೀಲರ ಸಲಾಲಾದ ಫೋನ್ ನಂಬರು ತಮ್ಮ ಡೈರಿಯಲ್ಲಿದೆ, ಯಾವಾಗ ಬೇಕಾದರೂ ಕೇಳು ಎಂದರು. ನೀವೇ ಫೋನ್ ಮಾಡಬಾರದೇ ಎಂದು ನಾನು ಕೇಳಿದೆ. ಹೌದು, ಅಷ್ಟು ಮಾನಗೆಟ್ಟು ಕೇಳಿದೆ.

"ಟೈಪ್ ಮಾಡಿದ್ದು ಯಾರು ಎಂದು ಅವರು ಮೊದಲು ಕೇಳುತ್ತಾರೆ. ನಾನು ನಿನ್ನ ಹೆಸರು ಹೇಳಬೇಕಾಗುತ್ತದೆ. ಇನ್ನೊಬ್ಬರ ಹೆಸರನ್ನು ಯಾವ ದೊಡ್ಡವರ ಮೇಜಿಗೂ ಕೊಡುವುದಿಲ್ಲ ಎಂದು ನಾನು ಆಣೆ ಇಟ್ಟುಕೊಂಡಿದ್ದೇನೆ. ನಿನ್ನ ಹೆಸರು ನೀನೇ ಹೇಳಬೇಕು."

ಆ ಪ್ರತಿಯನ್ನು ಮನೆಗೆ ತಂದು ಬಟ್ಟೆಯ ಬೀರುವಿನ ತಳಕ್ಕೆ ಹಾಸಿದ್ದ ಪೇಪರಿನ ಕೆಳಗೆ ಇಟ್ಟೆ. ನಾಳೆ ಫೋನ್ ಮಾಡೋಣ ಎಂದುಕೊಂಡೆ. ನಾಳೆ ಬಂದಾಗ ನನಗೆ ಆ ಪಟ್ಟಿಯಲ್ಲಿ ಹನ್ನೊಂದನೆಯ ಸಾಲೊಂದು ಕಾಣುತ್ತಿತ್ತು, ಅದರಲ್ಲಿ ನನ್ನದೇ ಹೆಸರು. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹಿರಿಯರು ಬೆಳಿಗ್ಗೆ ಮಂತ್ರಿಯ ಕ್ಷೇಮ ಕೇಳುವುದನ್ನು ಬಿಟ್ಟಿದ್ದರು. ಡೈರಿಯನ್ನು ಮಾತ್ರ ನನಗೆ ಕಾಣುವಂತೆ ಮೇಜಿನ ಅಂಚಿನಲ್ಲಿ ಇಟ್ಟಿರುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೇ ನನ್ನ ಕೆಲಸವಾಯಿತು.

ಮನೆಯಲ್ಲಿ ನಮ್ಮಾಕೆ ದಿನವೂ ಆ ಮಾತೇ ಎತ್ತುತ್ತಿದ್ದಳು. ಮಾರ್ಚ್‌ವರೆಗಾದರೂ ಇಟ್ಟುಕೊಳ್ಳಲು ಬರುವುದಿಲ್ಲವೇ, ನಿಮ್ಮ ಆಫೀಸಿನಲ್ಲಿ ಯಾರನ್ನಾದರೂ ಕೇಳಬಾರದೇ ಎನ್ನುತ್ತಿದ್ದಳು. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಹೇಳಿ ಜಾರಿಕೊಳ್ಳುತ್ತಿದ್ದೆ. ಗೆಳೆಯ ಮಾತ್ರ ಯಾರನ್ನೂ ದೂರಲಿಲ್ಲ. "ಕಫೀಲ್ ಸಾಹೇಬರ ಸಹಿನ ಐತಿ. ಅವರ ಮನಸ್ಸಿಗೇ ಬಂದ ಮ್ಯಾಲ ನಾ ಯಾರನ್ನ ಕೇಳಲಿ" ಎಂದು ರೊಟ್ಟಿ ಮುರಿದ. ಅದು ನಮ್ಮ ಮನೆಯ ಶುಕ್ರವಾರ. ಒಂದು ಮಾತು ಸಾಕಿತ್ತು, ಆ ಸಹಿ ನಿನಗಲ್ಲ ಎಂದು. ನಾನು ಉಪ್ಪಿನಕಾಯಿ ಬೇಡಿದೆ.

ಹೊರಡಲು ಹದಿನೈದು ದಿನ ಇರುವಾಗ ಅಪ್ಪ ಮಗಳು ಇಬ್ಬರೂ ಕಚೇರಿಗೆ ಬಂದರು. ಸ್ಕೂಲಿನಿಂದ ಹೆಸರು ತೆಗೆಸಿ ವರ್ಗಾವಣೆ ಪತ್ರ ಕೊಡಿ ಎಂಬ ಅರ್ಜಿ ಟೈಪ್ ಮಾಡಿಕೊಡಬೇಕಿತ್ತು. ಹುಡುಗಿಯೇ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು, ನಾನು ಹೊಡೆದೆ. ಮಧ್ಯದಲ್ಲಿ ನಿಲ್ಲಿಸಿ, "ಅಂಕಲ್, ಇಟ್ಸ್ ಓನ್ಲಿ ಸೆವೆನ್ ಮಂತ್ಸ್" ಎಂದಳು. ಅರ್ಜಿಯಲ್ಲಿ ಸೇರಿಸಬೇಕಾದ ಮಾತೋ, ನನಗೇ ಹೇಳಿದ್ದೋ ತಿಳಿಯಲಿಲ್ಲ. ಎದುರು ಮೇಜಿನಿಂದ ಹಿರಿಯರು ಎದ್ದು ಕಿಟಕಿಯ ಬಳಿ ಹೋಗಿ, ನಮಗೆ ಬೆನ್ನು ಮಾಡಿ ನಿಂತರು. ಡೈರಿ ಮೇಜಿನ ಅಂಚಿನಲ್ಲಿತ್ತು. ನಾನು ಅರ್ಜಿ ಮುಗಿಸಿ, ಎರಡು ಪ್ರತಿ ಕೊಟ್ಟೆ.

ಆಗಸ್ಟ್ ಕೊನೆಯಲ್ಲಿ ಅವರು ಹೊರಟರು. ವಿಮಾನ ಬೆಳಿಗ್ಗೆ ಹತ್ತಕ್ಕೆ. ಹೆಂಗಸರಿಬ್ಬರೂ ಕೈ ಹಿಡಿದುಕೊಂಡು ಒಂದು ಕಡೆ ನಿಂತಿದ್ದರು. ಹುಡುಗಿ ಪುಸ್ತಕದ ಚೀಲವನ್ನು ಯಾರಿಗೂ ಕೊಡದೆ ತಾನೇ ಹೊತ್ತಿದ್ದಳು. ಗೆಳೆಯ ಲಗೇಜಿನ ನೆವ ಮಾಡಿ ನನ್ನನ್ನು ಪಕ್ಕಕ್ಕೆ ಕರೆದ.

"ನಿನ್ನೆ ಪಾಸ್‌ಪೋರ್ಟ್ ಇಸಕೊಳ್ಳಾಗ ಮೂಲ ಕಾಗದ ಕಣ್ಣಿಗೆ ಬಿತ್ತು. ಒಂಬತ್ತು ಹೆಸರು ಮಾಸಲು, ಹತ್ತನೇದು ಕರ್ರಗ. ನಡುವ ರಿಬ್ಬನ್ ಬದಲ ಮಾಡಿದ್ದಿ." ಅವನು ದಿನವಿಡೀ ಸ್ಟೋರಿನಲ್ಲಿ ನಾನು ಟೈಪ್ ಮಾಡಿದ ಪಟ್ಟಿಗಳನ್ನೇ ಓದುವವನು. ರಿಬ್ಬನ್ ಕೊಟ್ಟವನೂ ಅವನೇ. ನನ್ನ ತೋಳಿನ ಮೇಲೆ ಕೈಯಿಟ್ಟು, "ಸಾಲು ಭಾಳ ಚೊಲೊ ಹೊಂದಿಸೀದಿ, ದೋಸ್ತ" ಎಂದ.

ಅವನ ದನಿಯಲ್ಲಿ ಕಹಿ ಇರಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ಹೀಗೆ ಒದ್ದಾಡುತ್ತಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ವೀಸಾ ರದ್ದಿನ ಮುದ್ರೆ ಬಿದ್ದಾಗಿತ್ತು, ಇನ್ನು ಯಾರಿಗೆ ಫೋನ್ ಮಾಡಿದರೂ ಪ್ರಯೋಜನವಿರಲಿಲ್ಲ. ಅವನು ಲಗೇಜು ತಳ್ಳಿಕೊಂಡು ಹೋದ. ಹುಡುಗಿ ಹಿಂತಿರುಗಿ ಬೈ ಅಂಕಲ್ ಎಂದು ಕೈ ಬೀಸಿದಳು. ಆಕೆಗೆ ಆ ವರ್ಷ ಪರೀಕ್ಷೆಗೆ ಕೂರಲಾಗಲಿಲ್ಲ. ಊರಿನ ಶಾಲೆಗಳಲ್ಲಿ ಹತ್ತನೆಯ ತರಗತಿಗೆ ನಡುವೆ ಸೇರಿಸಿಕೊಳ್ಳುವುದಿಲ್ಲವೆಂದರಂತೆ. ಮುಂದಿನ ವರ್ಷ ಮದುವೆಯ ಮಾತು ಬಂತು, ಆಯಿತು. ಡಾಕ್ಟರಾಗುತ್ತಿದ್ದಳೋ ಇಲ್ಲವೋ ಯಾರು ಹೇಳಬೇಕು. ಆದರೆ ಆಗುವುದಿಲ್ಲ ಎಂದು ತೀರ್ಮಾನಿಸಿದವನು ನಾನು.

ಅವರು ಹೋದ ಮೂರನೆಯ ದಿನ ನಮ್ಮಾಕೆ ಬೀರು ಒರೆಸಲು ತಳದ ಪೇಪರು ಎಳೆದಳು. ನಾನು ಕಚೇರಿಯಿಂದ ಮಧ್ಯಾಹ್ನದ ಊಟಕ್ಕೆ ಬಂದಾಗ ಕಾರ್ಬನ್ ಪ್ರತಿ ಊಟದ ಮೇಜಿನ ಮೇಲಿತ್ತು, ಹುಡುಗಿ ಕೂತು ಓದುತ್ತಿದ್ದ ಜಾಗದಲ್ಲಿ. ನಮ್ಮಾಕೆ ಹೆಸರುಗಳನ್ನು ಎಣಿಸಿ ಆಗಿತ್ತು.

"ಇದ್ರಾಗ ಅವರ ಹೆಸರ ಇಲ್ಲಲ್ರಿ."

ನಾನು ಎಲ್ಲವನ್ನೂ ಹೇಳಿದೆ. ಮಾರ್ಚಿನ ಮಾತು, ಸಹಿ, ಹಾಳೆಯ ಚೂರು, ಡೈರಿ, ಯಾವುದನ್ನೂ ಮುಚ್ಚಿಡಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಅದು ಆಫೀಸಿನ ಒಳಗಿನ ವಿಷಯ ಎಂದೆ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು.

"ಹೆಚ್ಚಂದ್ರ ಏನಾಗ್ತಿತ್ತು? ನಾವೂ ಊರಿಗೆ ಹೋಗ್ತಿದ್ವಿ. ಊರಂದ್ರ ಸುಡುಗಾಡೇನ್ರಿ?" ಎಂದಳು. ತಟ್ಟೆಗೆ ಅನ್ನ ಬಡಿಸಿ, ಸಾರು ಹಾಕಿ, ಎದುರು ಕೂತಳು. "ಇನ್ನ ಮ್ಯಾಲ ಮಂದಿ ಮುಂದ ನನಗ ಹೋಂ ಮಿನಿಸ್ಟರ್ ಅನಬ್ಯಾಡ್ರಿ. ನನಗ ಒಳಗಿಂದು ಏನೂ ಗೊತ್ತಿರಂಗಿಲ್ಲ."

ನಾವು ಆಮೇಲೆ ಇನ್ನೂ ಆರು ವರ್ಷ ಮಸ್ಕತ್‌ನಲ್ಲಿದ್ದೆವು. ಆಕೆ ನನ್ನೊಂದಿಗೆ ಮಾತು ಬಿಡಲಿಲ್ಲ, ಅಡುಗೆ ಬಿಡಲಿಲ್ಲ, ನಗುವುದನ್ನೂ ಬಿಡಲಿಲ್ಲ. ಆದರೆ ಅಂದಿನ ನಂತರ ನಾನು ಏನೇ ಹೇಳಿದರೂ ಒಂದು ಗಳಿಗೆ ನನ್ನ ಮುಖ ನೋಡಿಯೇ ಹೌದೆನ್ನುತ್ತಿದ್ದಳು. ಆ ಒಂದು ಗಳಿಗೆ ನಮ್ಮ ನಡುವೆ ಕೊನೆಯವರೆಗೂ ಉಳಿಯಿತು. ಆಕೆ ತೀರಿಕೊಂಡು ಈಗ ನಾಲ್ಕು ವರ್ಷ.

ಕಾರ್ಬನ್ ಪ್ರತಿ ಆಕೆಗೆ ಸಿಕ್ಕ ದಿನ ನಾಲ್ಕು ಗಂಟೆಗೆ ನಾನು ಕಚೇರಿಗೆ ಮರಳಿದೆ. ಹಿರಿಯರು ಮೊದಲೇ ಬಂದು ಕೂತಿದ್ದರು. ಡೈರಿ ಮೇಜಿನ ಅಂಚಿನಲ್ಲಿರಲಿಲ್ಲ. ನನ್ನ ಮುಖ ನೋಡಿದವರೇ, ಒಂದು ತಿಂಗಳ ಮೇಲೆ ಮೊದಲ ಸಲ, ಹಳೆಯ ಪ್ರಶ್ನೆ ಕೇಳಿದರು. ಒಳಗಿನ ವಿಷಯಗಳ ಮಂತ್ರಿ ಕ್ಷೇಮವೇ?

"ರಾಜೀನಾಮೆ ಕೊಟ್ಟರು" ಎಂದೆ.

ಹಿರಿಯರು ನಿಧಾನವಾಗಿ ಎದ್ದು, ಕೂಲರಿನ ಬಳಿ ಹೋಗಿ, ಒಂದು ಲೋಟ ನೀರು ಹಿಡಿದು ತಂದು ನನ್ನ ಟೈಪ್‌ರೈಟರಿನ ಪಕ್ಕದಲ್ಲಿ ಇಟ್ಟರು.